ಮಾನಸಾಂತರವೂ ಮನಸ್ಸಿನ ತಂತ್ರವೂ: ಎನ್.ಎಲ್.ಪಿ. ಕುರಿತು ಒಂದು ವಿಮರ್ಶೆ

ಸಭಾಪಾಲನೆಯ ನಿಮಿತ್ತ ನಾನು ಕೆಲವು ವರ್ಷ ಕಡಬದ ಆಸುಪಾಸಿನಲ್ಲಿದ್ದೆನು. ಅಲ್ಲಿಗೆ ಹೋಗುವ ಮೊದಲು ಆಪ್ತಸಮಾಲೋಚನೆಯ ಒಂದು ಅಲ್ಪಾವಧಿ ತರಬೇತಿಯಲ್ಲಿ 'ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್' ಎಂಬ ವಿಧಾನವನ್ನು ಕಲಿತಿದ್ದೆನು. ಸಂಕ್ಷೇಪವಾಗಿ ಎನ್.ಎಲ್.ಪಿ. ಎಂದು ಕರೆಯಲ್ಪಡುವ ಈ ವಿಧಾನ ಇಂದು ಯುವಜನರ ಶಿಬಿರಗಳಲ್ಲಿ, ಶಿಕ್ಷಕರ ಕಾರ್ಯಾಗಾರಗಳಲ್ಲಿ, ಕೆಲವೊಮ್ಮೆ ಧ್ಯಾನಕೂಟಗಳಲ್ಲಿಯೂ ಹೆಸರು ಹೇಳಿಯೋ ಹೇಳದೆಯೋ ಬಳಕೆಯಾಗುತ್ತಿದೆ. ಇದನ್ನು ಬಳಸಿದವನಾಗಿಯೂ, ಬಳಸಿ ತಪ್ಪಿದವನಾಗಿಯೂ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಈ ತಂತ್ರಗಳು ಫಲಕಾರಿಯೇ ಎಂಬುದು ಇಲ್ಲಿ ಒಂದು ಪ್ರಶ್ನೆ. ಇವು ಮನುಷ್ಯನನ್ನು ಯಾವ ಬಗೆಯ ಜೀವಿಯೆಂದು ಭಾವಿಸುತ್ತವೆ, ಬದಲಾವಣೆ ಎಂದರೇನೆಂದು ಹೇಳುತ್ತವೆ ಎಂಬುದು ಅದಕ್ಕಿಂತ ಆಳವಾದ ಪ್ರಶ್ನೆ.

1. ಹುಟ್ಟು ಮತ್ತು ಹಾದಿ

1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದ ಪರಿಸರದಲ್ಲಿ ಇದು ಹುಟ್ಟಿತು. ಜಾನ್ ಗ್ರಿಂಡರ್ ಅಲ್ಲಿ ಭಾಷಾಶಾಸ್ತ್ರದ ಅಧ್ಯಾಪಕರಾಗಿದ್ದರು, ರಿಚರ್ಡ್ ಬ್ಯಾಂಡ್ಲರ್ ವಿದ್ಯಾರ್ಥಿಯಾಗಿದ್ದರು. ಗೆಸ್ಟಾಲ್ಟ್ ಚಿಕಿತ್ಸೆಯ ಫ್ರಿಟ್ಜ್ ಪರ್ಲ್ಸ್, ಕುಟುಂಬ ಚಿಕಿತ್ಸೆಯ ವರ್ಜೀನಿಯಾ ಸಟೀರ್, ಸಂಮೋಹನ ಚಿಕಿತ್ಸೆಯ ಮಿಲ್ಟನ್ ಎರಿಕ್ಸನ್ ಈ ಮೂವರೂ ರೋಗಿಗಳೊಂದಿಗೆ ಹೇಗೆ ಮಾತಾಡುತ್ತಾರೆಂಬುದನ್ನು ಅವರಿಬ್ಬರು ಗಮನಿಸಿದರು. ಆ ಮಾತಿನ ರೀತಿಯನ್ನು ಯಾರು ಬೇಕಾದರೂ ಕಲಿಯಬಹುದಾದ ಕ್ರಮವಾಗಿ ಬಿಡಿಸಿಡಲು ಯತ್ನಿಸಿದರು. 1975ರಲ್ಲಿ ಬಂದ 'ದಿ ಸ್ಟ್ರಕ್ಚರ್ ಆಫ್ ಮ್ಯಾಜಿಕ್' ಈ ಯತ್ನದ ಮೊದಲ ಗ್ರಂಥ. 1979ರ 'ಫ್ರಾಗ್ಸ್ ಇನ್‌ಟು ಪ್ರಿನ್ಸಸ್' ಅವರ ಶಿಬಿರದ ಮಾತುಗಳ ಸಂಕಲನ. ಈ ಎರಡನೆಯ ಪುಸ್ತಕದ ಹೆಸರೇ ಚಳವಳಿಯ ಆಶ್ವಾಸನೆಯನ್ನು ಹೇಳುತ್ತದೆ: ಕಪ್ಪೆ ರಾಜಕುಮಾರನಾಗಬಲ್ಲದು, ಅದೂ ಬೇಗನೆ.

ಭಾರತದಲ್ಲಿ ಇದು ವಾಣಿಜ್ಯ ಸಂಸ್ಥೆಗಳ ಬಾಗಿಲಿನಿಂದ ಮಾತ್ರ ಬಂದುದಲ್ಲ. ಸಭೆಯ ಬಾಗಿಲಿನಿಂದಲೂ ಬಂದಿತು. ಯೇಸುಸಭೆಯ ಆಂತನಿ ಡಿ ಮೆಲ್ಲೊ ಸ್ಥಾಪಿಸಿದ ಸಾಧನಾ ಸಂಸ್ಥೆಯೊಂದಿಗೆ ಸಂಬಂಧ ಹೊಂದಿದ್ದ ಅದೇ ಸಭೆಯ ರಿಚರ್ಡ್ ಮೆಕ್‌ಹ್ಯೂ ಅವರು ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಇದನ್ನು ಕಲಿಸಿದರು, 'ಮೈಂಡ್ ವಿತ್ ಎ ಹಾರ್ಟ್' ಎಂಬ ಪುಸ್ತಕವನ್ನೂ ಬರೆದರು. ಆದುದರಿಂದ ಇದನ್ನು ಹೊರಗಿನವರ ಸರಕೆಂದು ತಳ್ಳಿಬಿಡುವಂತಿಲ್ಲ. ನಮ್ಮವರೇ ಪ್ರೀತಿಯಿಂದ, ನೊಂದವರ ಮೇಲಣ ಕನಿಕರದಿಂದ ಒಳಗೆ ತಂದುದನ್ನು ನಾವೇ ಪರೀಕ್ಷಿಸಬೇಕಾಗಿದೆ.

2. ಒಪ್ಪಬೇಕಾದ ಅಂಶ

ಈ ವಿಧಾನದ ಅತ್ಯುತ್ತಮ ಭಾಗ ಅದರ ಪ್ರಶ್ನಾಕ್ರಮ. ಮನುಷ್ಯನು ತನ್ನ ಅನುಭವವನ್ನು ಮಾತಿಗೆ ಇಳಿಸುವಾಗ ಕೆಲವನ್ನು ಬಿಡುತ್ತಾನೆ, ಕೆಲವನ್ನು ತಿರುಚುತ್ತಾನೆ, ಒಂದನ್ನು ಎಲ್ಲಕ್ಕೂ ಹಬ್ಬಿಸುತ್ತಾನೆ ಎಂದು ಅದು ಹೇಳುತ್ತದೆ. "ನನ್ನಿಂದ ಏನೂ ಆಗುವುದಿಲ್ಲ" ಎಂದು ಕಣ್ಣೀರಿಡುವ ಯುವಕನನ್ನು "ಏನೂ ಎಂದರೆ ಯಾವುದು? ಎಂದಿನಿಂದ? ಆದ ಕೆಲಸ ಒಂದೂ ಇಲ್ಲವೇ?" ಎಂದು ಮೆಲ್ಲನೆ ಕೇಳಿದರೆ ಅವನು ತನ್ನ ವಾಕ್ಯದ ಸೆರೆಯಿಂದ ಸ್ವಲ್ಪ ಹೊರಬರುತ್ತಾನೆ. ಪರೀಕ್ಷೆಯಲ್ಲಿ ಒಮ್ಮೆ ಸೋತವನು ತಾನು ಜೀವನದಲ್ಲಿಯೇ ಸೋತೆನೆಂದು ಹೇಳುವಾಗ, ಆ ಎರಡು ಸೋಲುಗಳ ನಡುವಣ ಅಂತರವನ್ನು ತೋರಿಸುವುದು ಪಾಲನೆಯ ಕೆಲಸವೇ. ಎದುರು ಕುಳಿತವನ ಉಸಿರು, ದನಿ, ಕುಳಿತ ಭಂಗಿ ಇವುಗಳನ್ನು ಗಮನಿಸಬೇಕೆಂಬ ಪಾಠವೂ ಒಳ್ಳೆಯದೇ. ಪ್ರಸಂಗ ಮಾಡುವುದನ್ನು ಚೆನ್ನಾಗಿ ಕಲಿತು ಕೇಳಿಸಿಕೊಳ್ಳುವುದನ್ನು ಕಲಿಯದ ನಮ್ಮಂಥವರಿಗೆ ಅದು ಅಗತ್ಯವಾದ ತಿದ್ದುಪಡಿ.

3. ಸಾಕ್ಷ್ಯದ ಕೊರತೆ

ಆದರೆ ಚಳವಳಿ ಇಷ್ಟಕ್ಕೆ ನಿಲ್ಲುವುದಿಲ್ಲ. ಕಣ್ಣು ಯಾವ ಕಡೆಗೆ ಹೊರಳಿತೆಂಬುದರಿಂದ ಮನಸ್ಸಿನೊಳಗಿನ ವ್ಯಾಪಾರವನ್ನು ಓದಬಹುದು, ಪ್ರತಿಯೊಬ್ಬನಿಗೂ ನೋಟ, ಶ್ರವಣ, ಸ್ಪರ್ಶ ಇವುಗಳಲ್ಲಿ ಒಂದು ಮುಖ್ಯ ದ್ವಾರವಿದೆ, ಹಳೆಯ ಭಯವನ್ನು ಕೆಲವು ನಿಮಿಷಗಳಲ್ಲಿ ಅಳಿಸಬಹುದು ಎಂದೆಲ್ಲ ಅದು ಹೇಳಿಕೊಂಡಿತು. ಕ್ರಿಸ್ಟೊಫರ್ ಶಾರ್ಪ್ಲಿ ಎಂಬ ಮನಶ್ಶಾಸ್ತ್ರಜ್ಞರು 1984ರಲ್ಲಿ 15 ಅಧ್ಯಯನಗಳನ್ನೂ 1987ರಲ್ಲಿ 44 ಅಧ್ಯಯನಗಳನ್ನೂ ಪರಿಶೀಲಿಸಿ, ಮೂಲ ಪ್ರತಿಪಾದನೆಗಳಿಗೆ ಆಧಾರ ದೊರೆಯುತ್ತಿಲ್ಲವೆಂಬ ನಿರ್ಣಯಕ್ಕೆ ಬಂದರು. 1988ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯೂ ಇದನ್ನೇ ಕಂಡಿತು. 2012ರಲ್ಲಿ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಕಣ್ಣಿನ ಚಲನೆಯಿಂದ ಸುಳ್ಳನ್ನು ಗುರುತಿಸಬಹುದೆಂಬ ನಂಬಿಕೆಯನ್ನು ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಅದೇ ವರ್ಷ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಕ್ರಮಬದ್ಧ ಸಮೀಕ್ಷೆಯು ಹತ್ತು ಅಧ್ಯಯನಗಳನ್ನು ಮಾತ್ರ ಪರಿಗಣನೆಗೆ ಯೋಗ್ಯವೆಂದು ಆಯ್ದು, ಆರೋಗ್ಯದ ವಿಷಯದಲ್ಲಿ ಇದು ಫಲಕಾರಿಯೆನ್ನಲು ಸಾಕ್ಷ್ಯ ಅತ್ಯಲ್ಪವೆಂದಿತು. ಜನರ ಕಷ್ಟದ ಮೇಲೆ ಕೈಯಿಡುವವನಿಗೆ ಈ ಸಂಗತಿ ತಿಳಿದಿರಬೇಕು. ಪುಲ್ಪಿಟ್ಟಿನ ಗೌರವವನ್ನು ಬಳಸಿ ಆಧಾರವಿಲ್ಲದ ವಿದ್ಯೆಯನ್ನು ಮಾರುವುದು ಸುಳ್ಳು ಸಾಕ್ಷಿಯ ಒಂದು ಬಗೆ.

4. ನಕ್ಷೆ ಮತ್ತು ನೆಲ

ಇನ್ನು ದೈವಶಾಸ್ತ್ರದ ಪ್ರಶ್ನೆ. ಎನ್.ಎಲ್.ಪಿ.ಯ ಆಧಾರವಾಕ್ಯವೊಂದನ್ನು ಅದು ಆಲ್ಫ್ರೆಡ್ ಕೊರ್ಜಿಬ್‌ಸ್ಕಿಯಿಂದ ಪಡೆದಿದೆ: ನಕ್ಷೆಯೇ ನೆಲವಲ್ಲ. ನಾವು ಲೋಕವನ್ನು ನೇರವಾಗಿ ಕಾಣದೆ ಮನಸ್ಸಿನ ನಕ್ಷೆಯ ಮೂಲಕ ಕಾಣುತ್ತೇವೆಂಬುದು ಇದರ ತಾತ್ಪರ್ಯ. ಮಾತು ಸತ್ಯವೇ. ಆದರೆ ಇದರಿಂದ ಎರಡು ತೀರ್ಮಾನಗಳನ್ನು ತೆಗೆಯಬಹುದು. ನಕ್ಷೆ ನೆಲವಲ್ಲವಾದುದರಿಂದ ನೆಲವನ್ನು ಇನ್ನೂ ಚೆನ್ನಾಗಿ ನೋಡಬೇಕು ಎಂಬುದು ಒಂದು; ನಕ್ಷೆಯನ್ನು ಬದಲಾಯಿಸಿದರೆ ಸಾಕು ಎಂಬುದು ಇನ್ನೊಂದು. ವ್ಯಕ್ತಿತ್ವ ಬದಲಾವಣೆಯ ಶಿಬಿರಗಳು ಸಾಮಾನ್ಯವಾಗಿ ಎರಡನೆಯದನ್ನು ಹಿಡಿಯುತ್ತವೆ. ಘಟನೆಗೆ ಬೇರೆ ಚೌಕಟ್ಟನ್ನು ಕೊಟ್ಟು ಅದರ ಅರ್ಥವನ್ನೇ ಬದಲಾಯಿಸುವ 'ರಿಫ್ರೇಮಿಂಗ್' ಎಂಬ ತಂತ್ರ ಈ ತೀರ್ಮಾನದ ಮೇಲೆಯೇ ನಿಂತಿದೆ.

ನಾನು ತಪ್ಪಿದ್ದು ಇಲ್ಲಿಯೇ. ಕಡಬ ಹಾಗೂ ಬೆಳ್ತಂಗಡಿ ತಾಲೂಕುಗಳ ಕೊಯಿಲ, ಕೊಕ್ಕಡ ಮುಂತಾದ ಕಡೆಗಳಲ್ಲಿ ಎಂಡೋಸಲ್ಫಾನ್ ಸಂತ್ರಸ್ತರ ಮನೆಗಳಿವೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಗೇರು ತೋಪುಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಈ ಕೀಟನಾಶಕವನ್ನು 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಚಾಪೆಯ ಮೇಲೆಯೇ ಬೆಳೆದಿದ್ದರು. ಅಂಥ ಒಂದು ಮನೆಗೆ ನಾನು ಹೋಗುತ್ತಿದ್ದೆನು. ಇಪ್ಪತ್ತು ದಾಟಿದ ಮಗನನ್ನು ತಾಯಿ ಎತ್ತಿ ಸ್ನಾನ ಮಾಡಿಸಬೇಕು, ಉಣಿಸಬೇಕು. ಒಂದು ದಿನ ಕಲಿತ ಪಾಠದಂತೆ ಆಕೆಗೆ ಹೇಳಿದೆನು: ಇದನ್ನು ಭಾರವೆಂದು ನೋಡದೆ ದೇವರು ನಿಮ್ಮನ್ನು ನಂಬಿ ಒಪ್ಪಿಸಿದ ವಿಶೇಷ ಕರೆಯೆಂದು ನೋಡಿದರೆ ನಿಮ್ಮ ಮನಸ್ಸು ಹಗುರವಾಗಬಹುದು. ಆಕೆ ಮಗನ ಬಾಯಿ ಒರೆಸುತ್ತಲೇ ಹೇಳಿದರು: "ನನ್ನ ಮನಸ್ಸಿಗೆ ಏನೂ ಆಗಲಿಲ್ಲ ಅಯ್ಯನವರೇ. ಆದದ್ದು ಇವನಿಗೆ. ತೋಟಕ್ಕೆ ಮದ್ದು ಬಿಟ್ಟವರಿಗೆ ನೀವು ಹೀಗೆ ಹೇಳುತ್ತೀರಾ?"

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಕೆಯ ನಕ್ಷೆ ಸರಿಯಾಗಿತ್ತು, ಕೆಟ್ಟದ್ದು ನೆಲ. ನೆಲದ ಮೇಲೆ ನಡೆದ ಅನ್ಯಾಯವನ್ನು ನಾನು ಆಕೆಯ ಮನಸ್ಸಿನೊಳಗಿನ ತೊಡಕಾಗಿ ಪರಿವರ್ತಿಸಿದ್ದೆನು. ಹಾಗೆ ಮಾಡಿ, ನಷ್ಟಪಟ್ಟವರ ಮೇಲೆಯೇ ಬದಲಾಗುವ ಹೊಣೆಯನ್ನೂ ಹೊರಿಸಿದ್ದೆನು. ಯೋಬನ ಸ್ನೇಹಿತರು ಮಾಡಿದ್ದೂ ಇದನ್ನೇ. ಅವರು ಅವನ ಸಂಕಟಕ್ಕೆ ಒಂದಾದ ಮೇಲೊಂದು ಚೌಕಟ್ಟು ತೊಡಿಸಿದರು. ಪುಸ್ತಕದ ಕೊನೆಯ ಅಧ್ಯಾಯದಲ್ಲಿ ದೇವರು ಮೆಚ್ಚುವುದು ಆ ಚೌಕಟ್ಟುಗಳನ್ನಲ್ಲ, ಅವನ್ನು ಒಪ್ಪದೆ ದೂರಿದ ಯೋಬನ ಮಾತನ್ನು.

5. ಕೊಳದ ಬಳಿಯ ಪ್ರಶ್ನೆ

ಯೋಹಾನನ ಸುವಾರ್ತೆಯ 5ನೆಯ ಅಧ್ಯಾಯವನ್ನು ಈ ಬೆಳಕಿನಲ್ಲಿ ಓದಬೇಕು. ಬೇತೆಸ್ದ ಕೊಳದ ಬಳಿ 38 ವರ್ಷ ಅಸ್ವಸ್ಥನಾಗಿದ್ದವನನ್ನು ಯೇಸು ಗುಣವಾಗಲು ಮನಸ್ಸುಂಟೇ ಎಂದು ಕೇಳುತ್ತಾನೆ. ಎನ್.ಎಲ್.ಪಿ.ಯ ಶಿಕ್ಷಕರಿಗೆ ಈ ಪ್ರಶ್ನೆ ಪ್ರಿಯವಾಗಬಹುದು. ಅವರ ಕ್ರಮವೂ 'ನಿನಗೇನು ಬೇಕು' ಎಂಬಲ್ಲಿಂದಲೇ ಆರಂಭವಾಗುತ್ತದೆ. ಆದರೆ ರೋಗಿಯ ಉತ್ತರವನ್ನು ಗಮನಿಸಬೇಕು. ತನ್ನನ್ನು ಕೊಳಕ್ಕಿಳಿಸಲು ತನಗೆ ಯಾರೂ ಇಲ್ಲವೆಂದು ಅವನು ಹೇಳುತ್ತಾನೆ. ಪ್ರಶ್ನಾಕ್ರಮವನ್ನು ಕಲಿತವನು ಇಲ್ಲಿ ಕೂಡಲೇ 'ಯಾರೂ ಎಂದರೆ ಒಬ್ಬರೂ ಇಲ್ಲವೇ' ಎಂದು ತಡೆಯುತ್ತಾನೆ, ಆ ಮಾತನ್ನು ಅವನನ್ನು ಕಟ್ಟಿಹಾಕಿದ ನಂಬಿಕೆಯೆಂದು ಗುರುತಿಸುತ್ತಾನೆ. ಯೇಸು ಹಾಗೆ ತಡೆಯುವುದಿಲ್ಲ. ಆ ಮಾತು ನಿಜವಾಗಿತ್ತು, ಅವನಿಗೆ ಯಾರೂ ಇರಲಿಲ್ಲ. ಯೇಸುವಿನ ಉತ್ತರ ಆ ಇಲ್ಲದ ಒಬ್ಬನಾಗಿ ತಾನೇ ಎದುರು ನಿಲ್ಲುವುದು. ಬದಲಾವಣೆ ಅಲ್ಲಿ ಹೊರಗಿನಿಂದ, ಇನ್ನೊಬ್ಬನಿಂದ ಬರುತ್ತದೆ. ಹಾಗೆ ಬಂದಮೇಲೆ ಆ ಮನುಷ್ಯನೇ ಎದ್ದು ತನ್ನ ಹಾಸಿಗೆಯನ್ನು ಹೊರುತ್ತಾನೆ.

6. 'ನನಗೆ' ಎಂಬ ಮಾತು

ನಮ್ಮ ಭಾಷೆಯೂ ಇಲ್ಲಿ ಸ್ವಲ್ಪ ಸಹಾಯ ಮಾಡೀತು. 'ಅವನು ನನಗೆ ಕೋಪ ಬರಿಸಿದ' ಎಂಬಂಥ ಮಾತನ್ನು ಎನ್.ಎಲ್.ಪಿ. ದೋಷಯುಕ್ತವೆಂದು ಎಣಿಸುತ್ತದೆ, ಕೋಪಗೊಂಡವನು ನೀನೇ, ಅದರ ಕರ್ತೃ ನೀನೇ ಎಂದು ತಿದ್ದುತ್ತದೆ. ಕನ್ನಡಿಗನಾದರೋ ನನಗೆ ಕೋಪ ಬಂತು, ನನಗೆ ಭಯವಾಯಿತು, ನನಗೆ ಹಸಿವಾಯಿತು ಎನ್ನುತ್ತಾನೆ. ಈ ವಾಕ್ಯಗಳಲ್ಲಿ ಅನುಭವಿಸುವವನು ಚತುರ್ಥಿಯಲ್ಲಿ ನಿಲ್ಲುತ್ತಾನೆ, ಕರ್ತೃವಿನ ಸ್ಥಾನದಲ್ಲಿ ಕೋಪ, ಭಯ, ಹಸಿವುಗಳೇ ಇರುತ್ತವೆ. ವ್ಯಾಕರಣವೇ ದೈವಶಾಸ್ತ್ರವೆಂದು ನಾನು ವಾದಿಸುತ್ತಿಲ್ಲ. ಕೋಪ ಬಂದಿತೆಂದು ಹೇಳಿ ಹೆಂಡತಿಯನ್ನು ಹೊಡೆದವನು ವಿಭಕ್ತಿಯ ಮರೆಯಲ್ಲಿ ಅಡಗಲಾರನು. ಬಂದುದು ಕೋಪ, ಹೊಡೆದವನು ಅವನೇ. ಆದರೂ ಮನುಷ್ಯನು ತನ್ನ ಒಳಜೀವನಕ್ಕೆ ಸಂಪೂರ್ಣ ಒಡೆಯನಲ್ಲ ಎಂಬ ಅರಿವು ಈ ಮಾತಿನ ರೂಢಿಯಲ್ಲಿ ಉಳಿದಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ಇಚ್ಛಿಸಿದ್ದನ್ನು ಮಾಡಲಾಗದೆ ನರಳುವವನು ಇದೇ ಅರಿವಿನಿಂದ ಮಾತಾಡುತ್ತಾನೆ. ಕೃಪೆಯೂ ಇದೇ ಚತುರ್ಥಿಯಲ್ಲಿ ಬರುತ್ತದೆ: ನನಗೆ ಕ್ಷಮೆ ದೊರೆಯಿತು, ನನಗೆ ನಂಬಿಕೆ ಹುಟ್ಟಿತು. ತನ್ನನ್ನು ತಾನೇ ಯಂತ್ರದಂತೆ ಮರುಹೊಂದಿಸಿಕೊಳ್ಳುವವನಿಗೆ ಈ ವಾಕ್ಯಗಳು ಅರ್ಥವಾಗುವುದಿಲ್ಲ. ಅವನೇ ಕುಂಬಾರ, ಅವನೇ ಮಣ್ಣು. ಮಾರ್ಟಿನ್ ಲೂಥರನು ಪಾಪವನ್ನು ತನ್ನೊಳಕ್ಕೆ ಬಾಗಿಕೊಂಡ ಸ್ಥಿತಿಯೆಂದು ವರ್ಣಿಸಿದುದು ಇಲ್ಲಿ ನೆನಪಾಗುತ್ತದೆ. ಆ ಬಾಗನ್ನು ತನ್ನೊಳಗಿನ ತಂತ್ರದಿಂದಲೇ ನೇರ ಮಾಡಹೊರಟರೆ ಅದು ಇನ್ನಷ್ಟು ಒಳಕ್ಕೆ ಬಾಗುತ್ತದೆ.

7. ಒಂದು ಆಕ್ಷೇಪಣೆ

ನಮ್ಮ ಆರಾಧನೆಯೂ ತಂತ್ರವಲ್ಲವೇ ಎಂದು ಕೇಳಬಹುದು. ಒಂದು ಸ್ಪರ್ಶವನ್ನೋ ಸನ್ನೆಯನ್ನೋ ಒಳ್ಳೆಯ ಮನಃಸ್ಥಿತಿಯೊಂದಿಗೆ ಜೋಡಿಸಿ, ಬೇಕಾದಾಗ ಅದನ್ನು ಮರಳಿ ಕರೆಯುವುದನ್ನು ಎನ್.ಎಲ್.ಪಿ. 'ಆ್ಯಂಕರಿಂಗ್' ಎನ್ನುತ್ತದೆ. ರೊಟ್ಟಿ, ಪಾತ್ರೆ, ಗಂಟೆಯ ದನಿ, ಪರಿಚಿತ ರಾಗ ಇವೂ ಹಾಗೆಯೇ ಕೆಲಸ ಮಾಡುತ್ತವಲ್ಲವೇ? ಮನಸ್ಸಿನ ಮಟ್ಟದಲ್ಲಿ ಹೋಲಿಕೆಯುಂಟು, ಅಲ್ಲಗಳೆಯುವುದಿಲ್ಲ. ಆದರೆ ಆ ತಂತ್ರ ಕರೆಯುವುದು ನನ್ನದೇ ಗೆಲುವಿನ ಒಂದು ಗಳಿಗೆಯನ್ನು. ಕರ್ತನ ಭೋಜನ ನೆನಪಿಸುವುದು ಇನ್ನೊಬ್ಬನ ಮರಣವನ್ನು. ಅಲ್ಲಿ ನನಗೆ ಹಿತವೆನಿಸದ ದಿನವೂ ರೊಟ್ಟಿ ಮುರಿಯಲ್ಪಡುತ್ತದೆ, ನಾನು ಮೆಚ್ಚದ ನೆರೆಯವನೂ ಪಕ್ಕದಲ್ಲಿಯೇ ನಿಂತು ತಿನ್ನುತ್ತಾನೆ.

ಮಾನಸಾಂತರವೆಂಬ ನಮ್ಮ ಹಳೆಯ ಮಾತಿನಲ್ಲಿ ಮನಸ್ಸು ಇದೆಯಾದರೂ ಅದು ಮನಸ್ಸಿನಲ್ಲಿಯೇ ಮುಗಿಯುವುದಿಲ್ಲ. ಜಕ್ಕಾಯನ ಮನೆಯಲ್ಲಿ ಅದು ವಂಚಿಸಿದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವ ಲೆಕ್ಕವಾಯಿತು. ಆದುದರಿಂದ ಪಾಲಕನು ಇಂಥ ತಂತ್ರವನ್ನು ಕೈಗೆತ್ತಿಕೊಳ್ಳುವ ಮುನ್ನ ಮೂರನ್ನು ಕೇಳಿಕೊಳ್ಳಲಿ. ಎದುರಿರುವವರ ಸಂಕಟ ಅವರ ನಕ್ಷೆಯಲ್ಲಿದೆಯೋ ನೆಲದಲ್ಲಿಯೋ? ಅವರಿಗೆ ತಿಳಿಸಿ ಒಪ್ಪಿಗೆ ಪಡೆದು ಮಾಡುತ್ತಿದ್ದೇನೆಯೋ, ತಿಳಿಯದಂತೆ ಅವರ ಮನಸ್ಸನ್ನು ತಿರುಗಿಸುತ್ತಿದ್ದೇನೆಯೋ? ಈ ಸಮಾಧಾನ ಯಾರಿಗೆ ಅನುಕೂಲ, ಅವರಿಗೋ, ಅವರ ದೂರನ್ನು ಕೇಳಲು ಬಯಸದವರಿಗೋ?

ಆ ತಾಯಿಯ ಮನೆಗೆ ನಾನು ಮತ್ತೆ ಹೋದೆನು. ಆ ಸಲ ಯಾವ ಚೌಕಟ್ಟನ್ನೂ ಒಯ್ಯಲಿಲ್ಲ. ಮಗನ ಮಾಸಾಶನದ ಕಾಗದಗಳಲ್ಲಿ ಒಂದು ಸಹಿ ಬಾಕಿಯಿತ್ತು. ಅದಕ್ಕಾಗಿ ಇಬ್ಬರೂ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತೆವು. ಮಧ್ಯಾಹ್ನದ ಹೊತ್ತಿಗೆ ಆಕೆ ತಾವಾಗಿಯೇ ಮಾತಾಡತೊಡಗಿದರು.