ಹಾರರ್: ಹರ್ಷದ ದಾಯಾದಿ

‘ಹಾರರ್’ ಎಂಬ ಇಂಗ್ಲಿಷ್ ಪದವನ್ನು ಕನ್ನಡಕ್ಕೆ ತರುವಾಗ ನಾವು ಸಾಮಾನ್ಯವಾಗಿ ‘ಭಯಾನಕ’ ಎಂದು ಬರೆದು ಮುಂದೆ ಸಾಗುತ್ತೇವೆ. ಸಿನಿಮಾ ಪೋಸ್ಟರಿಗೆ ಅಷ್ಟು ಸಾಕು, ವಿಮರ್ಶೆಗೆ ಸಾಲದು.

ಪದದ ಮೂಲ ಲ್ಯಾಟಿನ್ನಿನ ‘ಹೊರ್ರೇರೆ’. ಸೆಟೆದು ನಿಲ್ಲು, ರೋಮ ನಿಮಿರು ಎಂಬುದು ಅದರ ಮೊದಲ ಅರ್ಥ. ತೆನೆ ತುಂಬಿದ ಪೈರನ್ನು, ಸೈನಿಕರು ಎತ್ತಿಹಿಡಿದ ಈಟಿಗಳನ್ನು ಬಣ್ಣಿಸಲೂ ಲ್ಯಾಟಿನ್ ಕವಿಗಳು ಇದೇ ಕ್ರಿಯಾಪದವನ್ನು ಬಳಸಿದರು. ನಡುಕ, ದಿಗಿಲು ಎಂಬ ಅರ್ಥಗಳು ಈ ಚಿತ್ರದಿಂದಲೇ ಬೆಳೆದವು. 14ನೆಯ ಶತಮಾನದ ಹೊತ್ತಿಗೆ ಪದವು ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಿತ್ತು. ಸಂಸ್ಕೃತದ ‘ಹೃಷ್’ ಧಾತುವೂ ಇದೇ ಇಂಡೋ-ಯುರೋಪಿಯನ್ ಬೇರಿನದೆಂದು ಭಾಷಾವಿಜ್ಞಾನಿಗಳು ಗುರುತಿಸುತ್ತಾರೆ. ಅಂದರೆ ನಮ್ಮ ‘ಹರ್ಷ’ ಹಾರರ್‌ನ ದಾಯಾದಿ! ರೋಮ ನಿಮಿರುವ ಒಂದೇ ಅನುಭವ ಅಲ್ಲಿ ದಿಗಿಲಾಯಿತು, ಇಲ್ಲಿ ಸಂತೋಷವಾಯಿತು. ಕನ್ನಡದ ‘ನವಿರೇಳು’ ಎರಡಕ್ಕೂ ಒದಗುತ್ತದೆ. ನಾಟ್ಯಶಾಸ್ತ್ರವೂ ರೋಮಾಂಚವನ್ನು ಒಂದೇ ರಸಕ್ಕೆ ಕಟ್ಟಿಹಾಕದೆ, ಭಯ, ಚಳಿ, ಹರ್ಷ, ಕೋಪಗಳಿಂದ ಹುಟ್ಟುವ ಸಾತ್ವಿಕ ಭಾವವೆಂದು ಹೇಳುತ್ತದೆ.

ಹಾಗಾದರೆ ಹಾರರ್ ಎಂಬುದು ಯಾವ ಬಗೆಯ ನವಿರೇಳುವಿಕೆ? ಗಾಥಿಕ್ ಕಾದಂಬರಿಕಾರ್ತಿ ಆನ್ ರಾಡ್‌ಕ್ಲಿಫ್ ಬರೆದ, ಆಕೆಯ ಮರಣಾನಂತರ 1826ರಲ್ಲಿ ಪ್ರಕಟವಾದ ಪ್ರಬಂಧವೊಂದು ಟೆರರ್ ಮತ್ತು ಹಾರರ್‌ಗಳನ್ನು ಪರಸ್ಪರ ವಿರುದ್ಧವೆಂದು ಬೇರ್ಪಡಿಸುತ್ತದೆ. ಟೆರರ್ ಚೇತನವನ್ನು ಹಿಗ್ಗಿಸಿ ಎಚ್ಚರಿಸಿದರೆ, ಹಾರರ್ ಅದನ್ನು ಕುಗ್ಗಿಸಿ ಮರಗಟ್ಟಿಸುತ್ತದೆ. ಮುಚ್ಚಿದ ಬಾಗಿಲಿನಾಚೆಯ ಸಪ್ಪಳ ಟೆರರ್. ಬಾಗಿಲು ತೆರೆದಾಗ ಕಣ್ಣಿಗೆ ಬಿದ್ದ ಕೊಳೆತ ಹೆಣ ಹಾರರ್. ನಮ್ಮ ರಸಗಳ ಲೆಕ್ಕದಲ್ಲಿ ಮೊದಲನೆಯದು ಭಯಾನಕ. ಎರಡನೆಯದರಲ್ಲಿ ಜುಗುಪ್ಸೆಯೂ ಸೇರಿ, ಅದು ಬೀಭತ್ಸದ ಕಡೆಗೆ ವಾಲುತ್ತದೆ.

ಈ ವ್ಯತ್ಯಾಸದ ಬೆಲೆ ತಿಳಿಯುವುದು ಜೋಸೆಫ್ ಕಾನ್ರಾಡ್‌ನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಓದುವಾಗ. 1899ರಲ್ಲಿ ಧಾರಾವಾಹಿಯಾಗಿ ಬಂದ ಈ ಕೃತಿಯಲ್ಲಿ, ಆಫ್ರಿಕಾದಲ್ಲಿ ಆನೆದಂತ ದೋಚುವ ಕುರ್ಟ್ಸ್ ಸಾಯುವಾಗ ‘ಹಾರರ್’ ಎಂದು ಎರಡು ಬಾರಿ ಉಸುರುತ್ತಾನೆ. ಅವನ ಮನೆಯೆದುರಿನ ಕಂಬಗಳ ಮೇಲೆ ಮನುಷ್ಯರ ತಲೆಗಳಿವೆ. ಇಲ್ಲಿ ‘ಭಯಾನಕ’ ಎಂದು ಅನುವಾದಿಸಿದರೆ ಹೆದರಿಸಿದವನೇ ಹೆದರಿದವನಾಗಿಬಿಡುತ್ತಾನೆ. ‘ಬೀಭತ್ಸ’ ಎಂದರೆ, ತನ್ನ ಕೃತ್ಯಗಳನ್ನು ತಾನೇ ಕಂಡು ಹೇಸಿದ ದನಿ ಕೇಳಿಸುತ್ತದೆ. ನಿರೂಪಕ ಮಾರ್ಲೋ ಆ ಮಾತಿನಲ್ಲಿ ಒಂದು ತೀರ್ಪನ್ನು ಕಾಣುವುದರಿಂದ ನನಗೆ ಎರಡನೆಯದೇ ಸರಿಯೆನಿಸುತ್ತದೆ.

ಆದರೆ ಕುರ್ಟ್ಸ್‌ನನ್ನು ಮದುವೆಯಾಗಬೇಕಿದ್ದ ಹೆಣ್ಣಿನೆದುರು ಮಾರ್ಲೋ ಆ ಪದವನ್ನು ಉಚ್ಚರಿಸಲಾರ. ಅವನ ಕೊನೆಯ ಮಾತು ನಿಮ್ಮ ಹೆಸರೇ ಆಗಿತ್ತೆಂದು ಸುಳ್ಳು ಹೇಳುತ್ತಾನೆ. ಹಾರರ್ ಅನ್ನು ಬರಿಯ ಭಯಕ್ಕೆ ಇಳಿಸುವ ಅನುವಾದವೂ ಓದುಗರಿಗೆ ಇಂಥದೇ ಒಂದು ನಯವಾದ ಸುಳ್ಳನ್ನು ಹೇಳಿದಂತೆ.