ಆದಿಕ್ರೈಸ್ತ ಬೋಧನೆಯಲ್ಲಿ ಸಾಮ್ಯಕಥೆ

ಉಪದೇಶಾರ್ಥವಾಗಿ ಕಥೆ ಹೇಳುವ ಪದ್ಧತಿಯು ಎಲ್ಲ ಜನಾಂಗಗಳಲ್ಲಿಯೂ ಉಂಟು. ಆದರೆ ಕಥೆಗೂ ಉಪದೇಶಕ್ಕೂ ಇರುವ ಸಂಬಂಧವು ಎಲ್ಲೆಡೆಯಲ್ಲಿಯೂ ಒಂದೇ ಬಗೆಯದಲ್ಲ. ಪಂಚತಂತ್ರ, ಹಿತೋಪದೇಶಗಳಲ್ಲಿ ನೀತಿಶ್ಲೋಕವು ಮೊದಲು ಬರುತ್ತದೆ. ಕಥೆಯು ಅದಕ್ಕೆ ಉದಾಹರಣೆಯಾಗಿ ಹಿಂಬಾಲಿಸುತ್ತದೆ. ಕಥೆ ಮುಗಿದೊಡನೆ ಶ್ಲೋಕದ ಕಡೆಗೇ ಮರಳಿ ಬಂದು ಮುದ್ರೆಯೊತ್ತಲಾಗುತ್ತದೆ. ಕೇಳುವವನ ಸಂದೇಹಕ್ಕೆ ಅಲ್ಲಿ ಎಡೆಯಿಲ್ಲ. ಯೇಸುಕ್ರಿಸ್ತನು ಹೇಳಿದನೆಂದು ಸುವಾರ್ತೆಗಳಲ್ಲಿ ನಿರೂಪಿತವಾಗಿರುವ ಕಥೆಗಳನ್ನೂ ನಮ್ಮ ವಾಚಕರು ಬಹುಮಟ್ಟಿಗೆ ಇದೇ ವರ್ಗಕ್ಕೆ ಸೇರಿಸಿ ಓದುತ್ತಾರೆ. ಹಾಗೆ ಓದಿದರೆ ಆ ಕಥೆಗಳ ಜೀವವೇ ಕೈತಪ್ಪುವುದೆಂದು ನನ್ನ ಅಭಿಪ್ರಾಯ.

ಮೊದಲು ಶಬ್ದವನ್ನು ವಿಚಾರಿಸೋಣ. ಕನ್ನಡ ಬೈಬಲಿನಲ್ಲಿ ಇವುಗಳಿಗೆ 'ಸಾಮ್ಯ' ಎಂಬ ಹೆಸರಿದೆ. ಕ್ಯಾಥೊಲಿಕ್ ಪಂಥದವರು 'ಸಾಮತಿ' ಎನ್ನುತ್ತಾರೆ. ಮೂಲ ಗ್ರೀಕಿನ 'ಪರಬೊಲೇ' ಎಂಬುದಕ್ಕೆ ಒಂದರ ಪಕ್ಕದಲ್ಲಿ ಮತ್ತೊಂದನ್ನು ಇಡುವುದೆಂದು ಅರ್ಥವಾದುದರಿಂದ ಈ ಅನುವಾದವು ತಪ್ಪಲ್ಲ. ಆದರೆ ಇದರ ಹಿಂದಿರುವ ಹೀಬ್ರೂ ಶಬ್ದವು 'ಮಾಶಾಲ್'. ಅದು ಗಾದೆ, ಒಗಟು, ದೃಷ್ಟಾಂತ ಮೂರನ್ನೂ ಒಳಕೊಳ್ಳುತ್ತದೆ. 'ಸಾಮ್ಯ' ಎಂದೊಡನೆ ಹೋಲಿಕೆಯೊಂದು ಉಳಿದು, ಒಗಟಿನ ಅಂಶವು ಮರೆಯಾಗುತ್ತದೆ.

ಈ ಅಂಶದ ಬಲವನ್ನರಿಯಲು ಹಳೆಯ ಒಡಂಬಡಿಕೆಯ ಒಂದು ಪ್ರಸಂಗವೇ ಸಾಕು. ಊರೀಯನ ಹೆಂಡತಿಯನ್ನು ಅಪಹರಿಸಿ, ಅವನನ್ನು ಯುದ್ಧಮುಖದಲ್ಲಿ ಕೊಲ್ಲಿಸಿದ ದಾವೀದರಾಜನ ಬಳಿಗೆ ಪ್ರವಾದಿಯಾದ ನಾತಾನನು ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಧನಿಕನು ಕಿತ್ತುಕೊಂಡ ಕಥೆಯನ್ನು ಹೇಳುತ್ತಾನೆ. ರಾಜನು ಕೋಪಗೊಂಡು ಆ ಧನಿಕನಿಗೆ ಮರಣದಂಡನೆ ಸಲ್ಲತಕ್ಕದ್ದೆಂದು ತೀರ್ಪು ಕೊಡುತ್ತಾನೆ. ಆ ಮನುಷ್ಯನು ನೀನೇ ಎಂದು ಪ್ರವಾದಿಯು ತಿಳಿಸುತ್ತಾನೆ. ಇಲ್ಲಿ ಕಥೆಯು ನೀತಿಗೆ ತೊಡಿಸಿದ ಅಲಂಕಾರವಲ್ಲ. ಕೇಳುವವನ ಬಾಯಿಂದಲೇ ಅವನ ಮೇಲಿನ ತೀರ್ಪನ್ನು ಹೊರಡಿಸುವ ಉಪಾಯ.

ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿರುವ ಸಮಾರ್ಯದವನ ಕಥೆಯು ಇದೇ ಪರಂಪರೆಗೆ ಸೇರಿದುದು. ಧರ್ಮೋಪದೇಶಕನೊಬ್ಬನು ತನ್ನ ನೆರೆಯವನು ಯಾರೆಂದು ಕೇಳುತ್ತಾನೆ. ಲಕ್ಷಣವನ್ನು ಅಪೇಕ್ಷಿಸಿದವನಿಗೆ ಉತ್ತರವಾಗಿ ಬರುವುದು ಕಥೆ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯು ಸುಮಾರು 1,000 ಮೀಟರುಗಳಷ್ಟು ಕೆಳಕ್ಕೆ ಸಾಗುವ ಬೆಂಗಾಡು. ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಕಂಡು ಯಾಜಕನು ಓರೆಯಾಗಿ ಹೋಗುತ್ತಾನೆ. ಲೇವಿಯನೂ ಹಾಗೆಯೇ ಹೋಗುತ್ತಾನೆ. ಈ ಕ್ರಮವನ್ನು ಬಲ್ಲ ಯೆಹೂದ್ಯ ಶ್ರೋತೃವು ಮೂರನೆಯವನಾಗಿ ತನ್ನಂಥ ಸಾಮಾನ್ಯ ಇಸ್ರಾಯೇಲ್ಯನನ್ನು ನಿರೀಕ್ಷಿಸುತ್ತಾನೆ. ಬರುವವನಾದರೋ ಸಮಾರ್ಯದವನು! ಕ್ರಿ. ಪೂ. 2ನೆಯ ಶತಮಾನದ ಉತ್ತರಾರ್ಧದಲ್ಲಿ ಯೆಹೂದ್ಯರ ಅಧಿಪತಿಯಾದ ಯೋಹಾನ ಹಿರ್ಕಾನನು ಗೆರಿಜ್ಜೀಮ್ ಬೆಟ್ಟದಲ್ಲಿದ್ದ ಸಮಾರ್ಯರ ದೇವಾಲಯವನ್ನು ಕೆಡವಿದಂದಿನಿಂದ ಉಭಯರಿಗೂ ಇದ್ದ ವೈರವು ಇನ್ನಷ್ಟು ಬೆಳೆದಿತ್ತು. ಕಥೆಯ ಕೊನೆಯಲ್ಲಿ ಯೇಸುವು ಪ್ರಶ್ನೆಯನ್ನೇ ತಿರುಗಿಸಿ, ಆ ಮೂವರಲ್ಲಿ ನೆರೆಯವನಾದವನು ಯಾರೆಂದು ಕೇಳುತ್ತಾನೆ. ಧರ್ಮೋಪದೇಶಕನು 'ಸಮಾರ್ಯದವನು' ಎಂಬ ಶಬ್ದವನ್ನು ನುಡಿಯುವುದಿಲ್ಲ. ದಯೆ ತೋರಿಸಿದವನೆಂದು ಮಾತ್ರ ಹೇಳುತ್ತಾನೆ. ಹೆಸರನ್ನು ನುಂಗಿದರೂ ತೀರ್ಪನ್ನು ನುಂಗಲಾರದೆ ಹೋದ ಆ ಇಕ್ಕಟ್ಟಿನಲ್ಲಿಯೇ ಕಥೆಯ ಸಮಸ್ತ ಶಕ್ತಿಯೂ ಅಡಗಿದೆ.

ಇನ್ನು ಮುಂದಿನ ಪೀಳಿಗೆಗಳವರು ಈ ಉಪಾಯವನ್ನು ಹೇಗೆ ನಡೆಸಿಕೊಂಡರೆಂಬುದನ್ನು ನೋಡಬೇಕು. ಪೌಲನ ಪತ್ರಗಳಲ್ಲಿ ಉಪಮಾನಗಳಿವೆಯೇ ಹೊರತು ಇಂಥ ಕಥೆಗಳಿಲ್ಲ. ಕ್ರಿ. ಶ. 2ನೆಯ ಶತಮಾನದಲ್ಲಿ ರೋಮಿನಲ್ಲಿ ಹುಟ್ಟಿದ 'ಹೆರ್ಮಾಸನ ಕುರುಬ' ಎಂಬ ಗ್ರಂಥದಲ್ಲಿ 10 ಸಾಮ್ಯಗಳಿವೆ. ಆದರೆ ಅಲ್ಲಿ ಶಿಷ್ಯನು ಅರ್ಥವನ್ನು ಬೇಡುವುದೂ ಗುರುವು ಬಿಡಿಸಿ ಹೇಳುವುದೂ ವಾಡಿಕೆಯಾಗಿಹೋಗಿದೆ. 3ನೆಯ ಶತಮಾನದ ಓರಿಗೆನನು ಸಮಾರ್ಯದವನ ಕಥೆಗೆ ಹಿರಿಯರೊಬ್ಬರ ವ್ಯಾಖ್ಯಾನವನ್ನು ಉದ್ಧರಿಸುತ್ತಾನೆ: ಗಾಯಗೊಂಡವನು ಆದಾಮ, ಯೆರಿಕೋ ಈ ಲೋಕ, ಸಮಾರ್ಯದವನು ಕ್ರಿಸ್ತ, ಛತ್ರವು ಸಭೆ, ಎರಡು ನಾಣ್ಯಗಳು ತಂದೆ ಮತ್ತು ಮಗ. ಅಗಸ್ತೀನನಲ್ಲಿ ಅದೇ ಎರಡು ನಾಣ್ಯಗಳು ಪ್ರೀತಿಯ ಎರಡು ಆಜ್ಞೆಗಳಾಗುತ್ತವೆ, ಛತ್ರದವನು ಪೌಲನಾಗುತ್ತಾನೆ. ಯಾವುದು ಸರಿಯೆಂದು ನಿರ್ಣಯಿಸಲು ಕಥೆಯೊಳಗೆ ಪ್ರಮಾಣವಿಲ್ಲ. ಮತ್ತಾಯನ ದ್ರಾಕ್ಷಾತೋಟದ ಕಥೆಯಿಂದ ತಿಳಿಯುವಂತೆ ಆ ನಾಣ್ಯವೊಂದು ಕೂಲಿಯಾಳಿನ ಒಂದು ದಿನದ ಸಂಬಳ. ಅಪರಿಚಿತನಿಗಾಗಿ ಎರಡು ದಿನಗಳ ದುಡಿಮೆಯನ್ನು ಕೊಟ್ಟನೆಂಬ ಸರಳಾರ್ಥಕ್ಕಿಂತ ಹೆಚ್ಚಿನ ಗೂಢಾರ್ಥವು ಬೇಕೇ?

ಈ ಪ್ರವೃತ್ತಿಯು ಸುವಾರ್ತೆಯೊಳಗೇ ಮೊಳೆತಿದೆಯೆಂಬುದನ್ನು ಮರೆಯಲಾಗದು. ಮಾರ್ಕನ 4ನೆಯ ಅಧ್ಯಾಯದಲ್ಲಿ ಬಿತ್ತುವವನ ಕಥೆಗೆ ಪದಶಃ ವಿವರಣೆಯಿದೆ. ಹೊರಗಿನವರು ತಿಳಿಯದಿರಲೆಂದೇ ಸಾಮ್ಯಗಳಲ್ಲಿ ಹೇಳುವುದೆಂಬ ಕಠಿನವಾದ ಮಾತೂ ಇದೆ. ಮತ್ತಾಯನು ಇದನ್ನು ಮೆದುಗೊಳಿಸಿ, ಅವರು ಕಂಡೂ ಕಾಣದಿರುವುದರಿಂದ ಹಾಗೆ ಹೇಳುವುದೆಂದು ಕಾರಣವಾಗಿ ಮಾರ್ಪಡಿಸಿದ್ದಾನೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ದೊರೆತ ತೋಮನ ಸುವಾರ್ತೆಯ 114 ವಚನಗಳಲ್ಲಿ ಬಿತ್ತುವವನ ಕಥೆಯು ವಿವರಣೆಯಿಲ್ಲದೆಯೇ ಬರುತ್ತದೆ. ಆ ವಿವರಣೆಯು ಸಭೆಯ ಬೋಧಕರಿಂದ ಸೇರಿರಬಹುದೆಂಬ ಹಲವು ವಿದ್ವಾಂಸರ ಊಹೆಗೆ ಇದು ಪೋಷಕವಾಗಿದೆ, ಸಿದ್ಧಾಂತವೆಂದು ಹೇಳುವಂತಿಲ್ಲ.

ಪೂರ್ವವ್ಯಾಖ್ಯಾನಕಾರರನ್ನು ಹಳಿಯುವುದೂ ನ್ಯಾಯವಲ್ಲ. ಸಭೆಯಲ್ಲಿ ಕುಳಿತ ಭಕ್ತರಿಗೆ ಸಮಾರ್ಯದವನು ಆಗಲೇ ಪುಣ್ಯಪುರುಷನಾಗಿದ್ದನು. ಮುಳ್ಳು ಮೊಂಡಾದ ಮೇಲೆ ಕಥೆಗೆ ಬೇರೆ ಪ್ರಯೋಜನವನ್ನು ಹುಡುಕುವುದು ಅನಿವಾರ್ಯವಾಯಿತು. 1888 ಮತ್ತು 1899ರಲ್ಲಿ ಪ್ರಕಟವಾದ ತನ್ನ ಎರಡು ಸಂಪುಟಗಳಲ್ಲಿ ಜರ್ಮನಿಯ ಯೂಲಿಶರನು ಈ ರೂಪಕಜಾಲವನ್ನು ಹರಿದು, ಒಂದು ಕಥೆಗೆ ಒಂದೇ ತಾತ್ಪರ್ಯವೆಂದು ಸಾಧಿಸಿದನು. ಇದು ದೊಡ್ಡ ಉಪಕಾರವೇ ಸರಿ. ಆದರೂ ಆ ತಾತ್ಪರ್ಯವನ್ನು ಒಂದು ನೀತಿವಾಕ್ಯಕ್ಕೆ ಇಳಿಸಿದೊಡನೆ ನಾವು ಮರಳಿ ಹಿತೋಪದೇಶದ ಬಾಗಿಲಿಗೆ ಬಂದಂತಾಯಿತು. ಪರೋಪಕಾರವು ಒಳ್ಳೆಯದೆಂಬುದು ಆ ಧರ್ಮೋಪದೇಶಕನಿಗೆ ಮೊದಲೇ ತಿಳಿಯದೆ ಇತ್ತೇ?

ನಮ್ಮ ಆಲಂಕಾರಿಕರ ಒಂದು ವಿವೇಕವು ಇಲ್ಲಿ ಸಹಾಯಕ್ಕೆ ಬರುತ್ತದೆ. ವ್ಯಂಗ್ಯಾರ್ಥವನ್ನು ಕವಿಯೇ ತನ್ನ ಮಾತಿನಿಂದ ಬಿಚ್ಚಿಟ್ಟರೆ ಅದು ಧ್ವನಿಯಾಗಿ ಉಳಿಯದೆಂದು 9ನೆಯ ಶತಮಾನದ ಆನಂದವರ್ಧನನು ನಿರ್ಣಯಿಸಿದನು. ಪಾಲೆಸ್ತೀನದ ಕಥೆಗೂ ಕಾಶ್ಮೀರದ ಶಾಸ್ತ್ರಕ್ಕೂ ಐತಿಹಾಸಿಕ ಸಂಬಂಧವನ್ನು ಕಲ್ಪಿಸುವುದು ನನ್ನ ಉದ್ದೇಶವಲ್ಲ, ಹೋಲಿಕೆಗೂ ಮೇರೆಯುಂಟು. ಧ್ವನಿಯು ಸಹೃದಯನನ್ನು ರಸದಲ್ಲಿ ವಿಶ್ರಾಂತಿಗೊಳಿಸುತ್ತದೆ. ಈ ಕಥೆಯಾದರೋ ವಿಶ್ರಾಂತಿಯನ್ನು ಕೊಡದೆ, ಎದ್ದು ಹೋಗಿ ಹಾಗೆಯೇ ಮಾಡೆಂದು ಕಳುಹಿಸುತ್ತದೆ. ಆದರೂ ಕೇಳುವವನ ಪಾಲನ್ನು ಕೇಳುವವನಿಗೇ ಬಿಡಬೇಕೆಂಬುದರಲ್ಲಿ ಎರಡೂ ಒಂದೇ.

ಕಥೆ ಮುಗಿಯುವ ಮೊದಲೇ ಅದರ ನೀತಿ ಯಾವುದೆಂದು ಕೇಳುವ ಅವಸರವು ಅಧ್ಯಾಪಕವರ್ಗಕ್ಕೆ ಸಹಜವಾದುದು. ಈ ಕಥೆಗಳನ್ನು ಪಾಠ ಹೇಳುವವರು, ವ್ಯಾಖ್ಯಾನಿಸುವವರು, ಯಾವ ಮತದವರೇ ಆಗಲಿ, ಕೊನೆಯ ಪ್ರಶ್ನೆಯ ಬಳಿಯಲ್ಲಿ ಸ್ವಲ್ಪ ಹೊತ್ತು ಮೌನವಾಗಿರಲಿ. ತಾನು ಬಾಯಿಬಿಟ್ಟು ಹೇಳಲಾರದ ಹೆಸರು ಯಾವುದೆಂಬುದನ್ನು ಪ್ರತಿಯೊಬ್ಬ ಕೇಳುಗನೂ ತಾನೇ ಕಂಡುಕೊಳ್ಳಲಿ. ಸಹೃದಯರು ಇದನ್ನು ವಿಚಾರಮಾಡಬೇಕೆಂದು ವಿಜ್ಞಾಪನೆ.