ಇಕ್ಕೇರಿ ವರಹವನ್ನು ನೋಡುವ ಬಗೆ

ಹಳೆಯ ನಾಣ್ಯ ಕಂಡೊಡನೆ ಹೊಸಬರು ಅದರ ಬೆಲೆ ಕೇಳುತ್ತಾರೆ, ಆಮೇಲೆ ಕಾಲ. ಎರಡನ್ನೂ ತುಸು ಬದಿಗಿಟ್ಟು, ಮುಂಬದಿಯಲ್ಲಿ ಯಾರಿದ್ದಾರೆ, ಹಿಂಬದಿಯಲ್ಲಿ ಯಾರಿದ್ದಾರೆ ಎಂದು ನೋಡಿ. ನಾಣ್ಯದ ರಸ ಇರುವುದು ಆ ಜೋಡಿಯಲ್ಲಿ. ರೋಮಿನ ನಾಣ್ಯಗಳಲ್ಲಿ ಸಾಮಾನ್ಯವಾಗಿ ಮುಂಬದಿ ಚಕ್ರವರ್ತಿಯದು, ದೇವಿ ಹಿಂಬದಿಗೆ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮಿನ ಚಕ್ರವರ್ತಿ ತಿಬೇರಿಯಸನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಅವನ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಒಂದೇ ತೆರ: ಒಂದು ಕಡೆ ಎಲೆಮಾಲೆ ತೊಟ್ಟ ಅವನ ತಲೆ, ಇನ್ನೊಂದು ಕಡೆ ಕೊಂಬೆಯನ್ನೂ ದಂಡವನ್ನೂ ಹಿಡಿದು ಕುಳಿತ ಹೆಂಗಸು. ಆಕೆ ಶಾಂತಿದೇವಿಯೋ ಅವನ ತಾಯಿ ಲಿವಿಯಾಳೋ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಹಾಗೆ ಚರ್ಚಿಸಲು ಎಡೆಯಿದೆ ಎಂಬುದೇ, ಅಲ್ಲಿ ದೇವಿ ಅರಸನ ಮನೆತನಕ್ಕೆ ಎಷ್ಟು ಹತ್ತಿರವಾಗಿದ್ದಳೆಂದು ತೋರಿಸುತ್ತದೆ.

ಮಂಗಳೂರನ್ನು ಆಳಿದ ಕೆಳದಿ ನಾಯಕರ ಇಕ್ಕೇರಿ ವರಹದಲ್ಲಿ ಇದು ತಿರುವುಮುರುವು. ಮುಂಬದಿಯಲ್ಲಿ ಉಮಾಮಹೇಶ್ವರರು, ಅರಸನ ಮುಖ ಎಲ್ಲೂ ಇಲ್ಲ, ಹಿಂಬದಿಯಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’ ಮಾತ್ರ. ಸುಮಾರು 3.4 ಗ್ರಾಂ ಚಿನ್ನ, ಉಗುರಿನಷ್ಟು ಅಗಲ. ಭೂತಗನ್ನಡಿಯಲ್ಲಿ, ಬೆಳಕು ಓರೆಯಾಗಿ ಬೀಳುವಂತೆ ನೋಡಿದರೆ ಶಿವನ ಎತ್ತಿದ ಕೈಗಳ ತ್ರಿಶೂಲವೂ ಜಿಂಕೆಯೂ, ಎಡತೊಡೆಯ ಮೇಲೆ ಕುಳಿತ ಉಮೆಯೂ ಮೂಡುತ್ತಾರೆ. ರೋಮಿನ ಮುಖಗಳೆದುರು ಇದು ಒರಟು ಕೆಲಸ ಎಂಬ ಆಕ್ಷೇಪ ಹಳೆಯದು. ಆದರೆ ವ್ಯಕ್ತಿಯ ಚಹರೆ ಕೊರೆಯುವುದು ಇಲ್ಲಿನ ಅಚ್ಚು ಕೆತ್ತುವವನ ಗುರಿಯೇ ಅಲ್ಲ. ಎಷ್ಟು ಸವೆದರೂ ದೇವರ ಗುರುತು ಹತ್ತಬೇಕು, ಅಷ್ಟೆ. ಆ ಲೆಕ್ಕದಲ್ಲಿ ಅವನು ಗೆದ್ದಿದ್ದಾನೆ.

ಇದು ಬರಿಯ ಭಕ್ತಿಯಲ್ಲವೇ ಎನ್ನಬಹುದು. ಭಕ್ತಿ ಇತ್ತು, ನಿಜ. ಆದರೆ 1763ರಲ್ಲಿ ಕೆಳದಿ ನಾಯಕರ ರಾಜಧಾನಿ ಬಿದನೂರನ್ನು, ಅದರ ಜೊತೆಗೆ ಮಂಗಳೂರನ್ನು ಗೆದ್ದ ಹೈದರಾಲಿ ತನ್ನ ವರಹದಲ್ಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ಹಿಂಬದಿಯ ಚುಕ್ಕಿಗಳ ನಡುವೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಒತ್ತಿಸಿದ. ಮದರಾಸಿನ ಇಂಗ್ಲಿಷ್ ಕಂಪನಿಯೂ ವೆಂಕಟೇಶ್ವರ ಮತ್ತು ಇಬ್ಬರು ದೇವಿಯರಿರುವ ವರಹ ಹೊರಡಿಸಿತು. ಇವರಿಗೆ ಬೇಕಾಗಿದ್ದುದು ಪೇಟೆಯ ನಂಬಿಕೆ, ಆ ನಂಬಿಕೆ ದೇವರ ರೂಪಕ್ಕೆ ಅಂಟಿಕೊಂಡಿತ್ತು. ಹಾಗಾದರೆ ಹೈದರನ ಮಗ ಟಿಪ್ಪು ಅದನ್ನೇಕೆ ಬಿಟ್ಟ? ಅವನ ಚಿನ್ನದ ನಾಣ್ಯಗಳಲ್ಲಿ ಬರಹವಷ್ಟೇ ಇದೆ, ತಾಮ್ರದವುಗಳಲ್ಲಿ ಆನೆ. ಪಂಚಾಂಗ, ತೂಕ, ಅಳತೆಗಳನ್ನೂ ಬದಲಿಸಿ ಹೊಸ ವ್ಯವಸ್ಥೆ ಸಾರಲು ಹೊರಟವನು ಅವನು. ಹಳೆಯ ರೂಪದ ಬಲವನ್ನು ಅರಿತೇ ಅದನ್ನು ಕೈಬಿಟ್ಟ ಎಂದು ನನ್ನ ಅನಿಸಿಕೆ.

ನಾಣ್ಯ ನೋಡಲು ಹೊರಟರೆ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಸಂಸ್ಥೆಯ ಅಲೋಶಿಯಂ ವಸ್ತುಸಂಗ್ರಹಾಲಯ ಇದೆ, ಬಿಜೈಯಲ್ಲಿ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಯಾವ ಊರಿನ ಗಾಜಿನ ಪೆಟ್ಟಿಗೆಯಲ್ಲೇ ಆಗಲಿ, ಮಲಗಿಸಿಟ್ಟ ನಾಣ್ಯದ ಒಂದೇ ಬದಿ ಕಾಣುತ್ತದೆ. ಇನ್ನೊಂದು ಬದಿಯ ಚಿತ್ರವನ್ನು ಅಲ್ಲಿನವರಲ್ಲಿ ಕೇಳಿ ನೋಡಿ.